ದುರ್ಬೀನಜ್ಜಿ ಆರಿಸಿ ಎಸೆದ ಅಕ್ಕಿ

ನಮ್ಮತ್ತೆಯನ್ನು ಬೀದಿಯವರೆಲ್ಲ ದುರ್ಬೀನಜ್ಜಿ ಎನ್ನುತ್ತಾರೆ. ಕೂದಲು ಕಪ್ಪಗಿದ್ದ ಕಾಲದಲ್ಲಿ ದುರ್ಬೀನಮ್ಮ ಎನ್ನುತ್ತಿದ್ದರಂತೆ. ಹೆಸರು ಯಾರಿಟ್ಟರೋ ಗೊತ್ತಿಲ್ಲ, ಆದರೆ ಸುಮ್ಮಸುಮ್ಮನೆ ಇಟ್ಟದ್ದಲ್ಲ. ಅಕ್ಕಿಯಲ್ಲಿ ಅಡಗಿಕೊಂಡ ಕಲ್ಲು ಅವರ ಕಣ್ಣು ತಪ್ಪಿಸಿ ಒಲೆಯವರೆಗೆ ಹೋದದ್ದೇ ಇಲ್ಲ.

ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಅಕ್ಕಿ ನಾನೇ ಆರಿಸುತ್ತೇನೆಂದು ಹಟ ಹಿಡಿದೆ. ತವರಿನಲ್ಲಿ ನಾನೂ ಅಚ್ಚುಕಟ್ಟಿನವಳು ಅನ್ನಿಸಿಕೊಂಡವಳೇ. ಅತ್ತೆ ಮೊರವನ್ನು ನನ್ನ ಕಡೆ ಸರಿಸಿದರು. ಊಟಕ್ಕೆ ಕುಳಿತಾಗ ಎರಡನೆಯ ತುತ್ತಿಗೇ ಅವರ ದವಡೆ ನಿಂತಿತು. ನಾಲಗೆಯ ತುದಿಗೆ ಬಂದ ಕಲ್ಲನ್ನು ಬೆರಳಲ್ಲಿ ತೆಗೆದು, ತಮ್ಮ ತಟ್ಟೆಯ ಅಂಚಿನಲ್ಲಲ್ಲ, ನನ್ನ ತಟ್ಟೆಯ ಅಂಚಿನಲ್ಲಿ ಮೆಲ್ಲಗೆ ಇಟ್ಟು ಊಟ ಮುಂದುವರಿಸಿದರು. ನಮ್ಮವರು ನಗು ತಡೆಯಲಾರದೆ ನೀರು ತರುವ ನೆಪ ಮಾಡಿಕೊಂಡು ಎದ್ದು ಹೋದರು. ಅಂದಿನಿಂದ ಮೊರದ ಸುದ್ದಿಗೆ ನಾನು ಹೋಗಲಿಲ್ಲ.

ಅವರಿಗೆ ಆ ಕಣ್ಣು ಬಂದದ್ದು ಧಾನ್ಯದ ಗೋದಾಮಿನಲ್ಲಿ. ಮದುವೆಗೆ ಮುಂಚೆಯೇ ಅಲ್ಲಿ ಕೆಲಸಕ್ಕೆ ಸೇರಿದ್ದರು. ತಗಡಿನ ಸೂರಿನ ಕೆಳಗೆ ಹೆಂಗಸರು ಸಾಲಾಗಿ ಕುಳಿತು, ಎದುರಿಗೆ ರಾಶಿ ಹಾಕಿಕೊಂಡು, ಬಾಯಿ ತುಂಬ ಮಾತಾಡುತ್ತ ಕೈ ತುಂಬ ಕೆಲಸ ಮಾಡುತ್ತಿದ್ದ ಜಾಗ ಅದು. ಇವರ ರಾಶಿ ಎಲ್ಲರಿಗಿಂತ ಬೇಗ ಮುಗಿಯುತ್ತಿತ್ತು. ಮೇಲ್ವಿಚಾರಕನಿಗೆ ಅನುಮಾನ. ಒಂದು ದಿನ ಅಕ್ಕಿಯಷ್ಟೇ ಗಾತ್ರದ ಬೆಳ್ಳನೆಯ ಹರಳುಗಳನ್ನು ಎಲ್ಲಿಂದಲೋ ಹುಡುಕಿ ತಂದು, ಇವರಿಗೆ ಕಾಣದಂತೆ ರಾಶಿಯಲ್ಲಿ ಬೆರೆಸಿಬಿಟ್ಟ. ಸಂಜೆ ಇವರು ಹರಳುಗಳನ್ನೆಲ್ಲ ಕಾಗದದ ಪೊಟ್ಟಣದಲ್ಲಿ ಕಟ್ಟಿ ಅವನ ಮೇಜಿನ ಮೇಲಿಟ್ಟರು. ಜೊತೆಗೆ ಒಂದು ಗುಂಡಿಯೂ ಇತ್ತು. ಹರಳು ಬೆರೆಸುವಾಗ ಅವನ ಅಂಗಿಯಿಂದ ಕಿತ್ತು ಬಿದ್ದದ್ದು. ಈ ಕತೆ ಹೇಳುವಾಗ ಅತ್ತೆಯ ಮುಖ ಈಗಲೂ ಹದಿನೆಂಟರದ್ದಾಗುತ್ತದೆ.

ಆಮೇಲೆ ಗೋದಾಮಿಗೆ ಯಂತ್ರ ಬಂತು. ಅಕ್ಕಿ ಮೇಲಿಂದ ಸುರಿದರೆ ಸಾಕು, ಅದಕ್ಕೇ ಕಣ್ಣು, ಅದಕ್ಕೇ ಕೈ. ಕೆಟ್ಟ ಕಾಳನ್ನು ಗಾಳಿಯಿಂದ ಊದಿ ಆಚೆ ಎಸೆಯುತ್ತಿತ್ತು. ಉಳಿದ ಹೆಂಗಸರು ಅತ್ತರು, ಬೈದರು. ಅತ್ತೆ ಮಾತ್ರ ಯಂತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿ, ಚೆನ್ನಾಗೇ ಆರಿಸುತ್ತದೆ, ಆದರೆ ಮಾತಾಡಿಸಲು ಪಕ್ಕದಲ್ಲಿ ಯಾರೂ ಇಲ್ಲ ಪಾಪ, ಎಂದು ಹೇಳಿ ಮನೆಗೆ ಬಂದರಂತೆ.

ಮನೆಯಲ್ಲಿ ಕೈಕಟ್ಟಿ ಕುಳಿತಿರುವುದು ಅವರ ಜಾಯಮಾನವಲ್ಲ. ನಾನು ಕಾಲರು ಹೊಲಿಯುವ ಬಟ್ಟೆ ಕಾರ್ಖಾನೆಯ ಹಿಂಭಾಗದಲ್ಲಿ, ಕೆಲಸದ ಹೆಂಗಸರ ಮಕ್ಕಳಿಗಾಗಿ ಶಿಶುಮನೆ ತೆರೆದಾಗ ಅಡುಗೆಯ ಕೆಲಸಕ್ಕೆ ಅವರೇ ಹೋಗಿ ಕೇಳಿದರು. ಉದ್ದನೆಯ ಒಂದು ಕೋಣೆ, ಗೋಡೆಯ ಅರ್ಧದವರೆಗೆ ನೀಲಿ ಬಣ್ಣ, ಅದರ ಮೇಲೆ ಸುಣ್ಣ. ಮೊಣಕಾಲೆತ್ತರದ ಕುರ್ಚಿಗಳು. ಕಿಟಕಿ ತೆರೆದರೆ ಕಾರ್ಖಾನೆಯ ಹಬೆಯ ಕೊಳವೆ ಉಸ್ ಎನ್ನುವುದು ಕೇಳುತ್ತದೆ. ಅಡುಗೆಮನೆಗೆ ಹೊಂದಿಕೊಂಡು ಒಂದು ಜಗಲಿ. ಬೆಳಗಿನ ಬಿಸಿಲು ಅಲ್ಲಿ ಎಡಗಡೆಯಿಂದ ಬೀಳುತ್ತದೆ. ಅಕ್ಕಿ ಆರಿಸುವವರಿಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ ಎಂದು ಅತ್ತೆ ಆ ಜಾಗ ಹಿಡಿದರು. ಮಕ್ಕಳು ಸುತ್ತ ಕೂರಬಹುದು, ಆದರೆ ಚಾಪೆ ತುಳಿಯುವಂತಿಲ್ಲ. ತುಳಿದವರಿಗೆ ಆ ದಿನ ಕತೆಯಿಲ್ಲ.

ನನ್ನ ಮಗಳೂ ಅಲ್ಲೇ ಬೆಳೆಯುತ್ತಿದ್ದಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಜ್ಜಿಯೇ ಅವಳನ್ನು ಜೀರಿಗೆ ಎಂದು ಕರೆದಿದ್ದರು. ಅದೇ ಹೆಸರು ಉಳಿದುಬಿಟ್ಟಿತು. ಎರಡು ವರ್ಷ ದಾಟುವವರೆಗೆ ಜೀರಿಗೆ ಚೂಟಿಯಾಗಿಯೇ ಇದ್ದಳು. ಆಮೇಲೆ ಯಾಕೋ ಮಂಕಾದಳು. ಬೇರೆ ಮಕ್ಕಳು ಚೆಂಡಿನ ಹಿಂದೆ ಓಡುವಾಗ ಇವಳು ಗೋಡೆಗೆ ಒರಗಿ ನೋಡುತ್ತಿದ್ದಳು. ಚೆಂಡು ತಾನಾಗಿ ಕಾಲ ಬುಡಕ್ಕೆ ಉರುಳಿ ಬಂದರೂ ಎತ್ತಿಕೊಳ್ಳುವ ಉಮೇದಿಲ್ಲ. ಮತ್ತೆ ಕೆಲವೊಮ್ಮೆ ಅವಳ ತುಟಿಯ ಮೇಲೆ ಬೆಳ್ಳಗೆ ಹತ್ತಿರುತ್ತಿತ್ತು. ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಾಳೆಂದು ನಮಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ಶಿಶುಮನೆಗೆ ಆಗಾಗ ಸ್ಕೂಟರಿನಲ್ಲಿ ಒಬ್ಬ ನರ್ಸಮ್ಮ ಬರುತ್ತಿದ್ದಳು. ಚಿಕ್ಕ ವಯಸ್ಸು, ಉದ್ದನೆಯ ಕೈಕಾಲು, ಮಕ್ಕಳ ಕುರ್ಚಿಯಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮಕ್ಕಳ ತೂಕ ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಿದ್ದಳು. ಜೀರಿಗೆಗೆ ರಕ್ತ ಸ್ವಲ್ಪ ಕಡಿಮೆ ಇದೆ, ಸುಣ್ಣ ತಿನ್ನುವುದೂ ಅದಕ್ಕೇ ಇರಬಹುದು, ಔಷಧಿ ಕೊಡುವಷ್ಟೇನಿಲ್ಲ, ಊಟದಲ್ಲೇ ಸರಿಹೋಗಬಹುದು ಎಂದಳು. ಹೊಸ ಅಕ್ಕಿ ಬರುತ್ತಿದೆಯಲ್ಲ, ಮುಂದಿನ ಸಲ ನೋಡೋಣ ಅಂತಲೂ ಅಂದಳು. ಹೊಸ ಅಕ್ಕಿಗೂ ರಕ್ತಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂರುವ ಹೊತ್ತಾಗಿತ್ತು, ತಲೆಯಾಡಿಸಿ ಓಡಿದೆ.

ಆ ಹೊಸ ಅಕ್ಕಿಯ ಮೂಟೆಗಳು ಬಂದ ದಿನ ಶಿಶುಮನೆಯ ಟೀಚರು ಅತ್ತೆಗೂ ವಿಷಯ ಹೇಳಿದ್ದರು, ಆದರೆ ಹೇಳಿದ್ದು ಬಾಗಿಲಲ್ಲಿ ನಿಂತು, ಸೊಂಟದ ಮೇಲೆ ಅಳುವ ಮಗುವನ್ನು ಕುಣಿಸುತ್ತ. ಇನ್ನು ಮೇಲೆ ಮಕ್ಕಳಿಗೆ ಶಕ್ತಿ ಬರುವ ಅಕ್ಕಿ ಬರುತ್ತದೆ ಅಜ್ಜಿ, ಎಂದರಂತೆ. ಅಕ್ಕಿ ತಿಂದರೆ ಶಕ್ತಿ ಬರದೆ ಇನ್ನೇನು ಬಂದೀತು ಎಂದುಕೊಂಡ ಅತ್ತೆ ಹೂಂ ಅಂದರು. ಟೀಚರು ಇನ್ನೂ ಏನೋ ವಿವರಿಸುವವರಿದ್ದರು, ಅಷ್ಟರಲ್ಲಿ ಸೊಂಟದ ಮೇಲಿನ ಮಗು ಅವರ ಹೆಗಲ ಮೇಲೆ ಕಾರಿಕೊಂಡಿತು. ಮಾತು ಅಲ್ಲಿಗೇ ನಿಂತಿತು.

ಮೂಟೆ ಬಿಚ್ಚಿ ಮೊರಕ್ಕೆ ಸುರಿದ ಕೂಡಲೇ ಅತ್ತೆಯ ಕೈ ತಡೆಯಿತು. ಅಕ್ಕಿಯ ನಡುನಡುವೆ ಅಲ್ಲೊಂದು ಇಲ್ಲೊಂದು ಬೇರೆ ಥರದ ಕಾಳು. ಅಕ್ಕಿಯಷ್ಟೇ ಉದ್ದ, ಅಕ್ಕಿಯದೇ ಆಕಾರ, ಆದರೆ ಅಕ್ಕಿಯ ಮೂತಿಯಿಲ್ಲ, ಹೊಳಪಿಲ್ಲ. ತುಸು ಹಳದಿಗೆ ತಿರುಗಿದ ಮಾಸಲು ಬಣ್ಣ. ಅಕ್ಕಿಯ ವೇಷ ಹಾಕಿಕೊಂಡು ಒಳಗೆ ನುಗ್ಗಿದ ಏನೋ ಒಂದು. ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಕಳಿಸಿದವರು ಕಲಬೆರಕೆ ಮಾಡಿದ್ದಾರೆಂದು ಅತ್ತೆಗೆ ಅನುಮಾನವೇ ಉಳಿಯಲಿಲ್ಲ. ಹಾಲುಗಲ್ಲದ ಮಕ್ಕಳ ಅನ್ನಕ್ಕೆ ಪ್ಲಾಸ್ಟಿಕ್ಕು ಬೆರೆಸುವಷ್ಟು ಕೆಟ್ಟುಹೋಯಿತಲ್ಲ ಕಾಲ ಎಂದು ಮನೆಗೆ ಬಂದು ನಮ್ಮ ಮುಂದೆ ಹಲುಬಿದರು. ನಾವೂ ಹೌದಲ್ಲವೇ ಎಂದೆವು. ಒಂದೇ ಒಂದು ಕಾಳೂ ಮಕ್ಕಳ ಹೊಟ್ಟೆ ಸೇರಬಾರದು ಎಂದು ತೀರ್ಮಾನಿಸಿದರು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅತ್ತೆಯಷ್ಟು ಸುಖವಾಗಿದ್ದವರು ಇನ್ನೊಬ್ಬರಿಲ್ಲ. ಯಂತ್ರಗಳು ಬಂದ ಮೇಲೆ ಅಕ್ಕಿಯಲ್ಲಿ ಕಲ್ಲು ಸಿಗುವುದೇ ಅಪರೂಪವಾಗಿತ್ತು, ಕಣ್ಣಿಗೆ ತಕ್ಕ ಕೆಲಸವಿಲ್ಲದೆ ಅವರು ಬೇಸತ್ತಿದ್ದರು. ಈಗ ಸರಿಯಾದ ಎದುರಾಳಿ ಸಿಕ್ಕಿತ್ತು. ಎಂದಿಗಿಂತ ಬೇಗ ಎದ್ದು ಶಿಶುಮನೆಗೆ ಹೋಗಿ, ಬಿಸಿಲು ಜಗಲಿಗೆ ಬರುವುದನ್ನೇ ಕಾದು, ಮೊರ ಮುಂದಿಟ್ಟುಕೊಳ್ಳುತ್ತಿದ್ದರು. ಆರಿಸಿದ ಅಕ್ಕಿಯನ್ನು ನೀರು ನಲ್ಲಿಯ ನೀರಿನಷ್ಟೇ ತಿಳಿಯಾಗುವವರೆಗೆ ತೊಳೆದು, ಧಾರಾಳ ನೀರಿನಲ್ಲಿ ಬೇಯಿಸಿ, ಗಂಜಿ ಬಸಿದು, ಅಗುಳಿಗೆ ಅಗುಳು ಅಂಟದ ಹಾಗೆ ಅನ್ನ ಮಾಡುತ್ತಿದ್ದರು. ನೋಡಲು ಮಲ್ಲಿಗೆಯ ರಾಶಿಯ ಹಾಗಿರುತ್ತಿತ್ತು.

ಅದೇ ಅಕ್ಕಿ ಬೀದಿಯವರಿಗೆ ಪಡಿತರದ ಅಂಗಡಿಯಲ್ಲೂ ಸಿಗತೊಡಗಿತ್ತು. ನಲ್ಲಿಯ ಹತ್ತಿರ ಹೆಂಗಸರು ಅಕ್ಕಿ ತಂದು ತೋರಿಸಿದರೆ, ಅತ್ತೆ ಅಂಗೈಯಲ್ಲಿ ಹರಡಿ, ಇದು, ಇದು, ಮತ್ತೆ ಇದು ಎಂದು ಬೆರಳಿಟ್ಟು ತೋರಿಸಿ ಕಲಿಸುತ್ತಿದ್ದರು. ಬೀದಿಯ ತುಂಬ ಶಿಷ್ಯೆಯರಾದರು.

ಮಳೆಗಾಲ ಮುಗಿದ ಮೇಲೆ ನರ್ಸಮ್ಮ ಮತ್ತೆ ಎಲ್ಲ ಮಕ್ಕಳ ಬೆರಳು ಚುಚ್ಚಿದಳು. ಈ ಸಲ ಅವಳ ಮುಖ ಸಪ್ಪಗಾಯಿತು. ಇಟ್ಟಿಗೆ ಗೂಡಿನ ಹತ್ತಿರದ ಶಿಶುಮನೆಗೂ ಇದೇ ಅಕ್ಕಿ, ಅಲ್ಲಿಯ ಮಕ್ಕಳು ಗೆಲುವಾಗಿದ್ದಾರೆ, ಇಲ್ಲಿ ಯಾರಲ್ಲೂ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ, ಜೀರಿಗೆಯಲ್ಲಂತೂ ಏನೂ ಇಲ್ಲ. ಅಡುಗೆ ಹೇಗೆ ಮಾಡುತ್ತಾರೆ ನೋಡಿಬರುತ್ತೇನೆ ಎಂದು ಒಳಗೆ ಬಂದಳು. ಊಟದ ಬಿಡುವಾದ್ದರಿಂದ ನಾನೂ ಅಲ್ಲೇ ಇದ್ದೆ, ಜೀರಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣಿಸುತ್ತಿದ್ದೆ.

ಅತ್ತೆ ಇಂಥ ಒಬ್ಬರು ಬರಲೆಂದೇ ಕಾಯುತ್ತಿದ್ದರು. ಕಪಾಟಿನ ಮೇಲಿಂದ ಬಿಸ್ಕತ್ತಿನ ಡಬ್ಬವೊಂದನ್ನು ಇಳಿಸಿ, ಮುಚ್ಚಳ ತೆಗೆದು ನರ್ಸಮ್ಮನ ಮುಂದೆ ಹಿಡಿದರು.

"ನೀವು ಓದಿದೋರು, ಇದನ್ನ ಮೇಲಿನೋರಿಗೆ ತೋರಿಸಿ. ಮಕ್ಕಳ ಅಕ್ಕಿಗೆ ಏನೇನು ಬೆರೆಸಿ ಕಳಿಸ್ತಾರೆ ನೋಡಿ. ಒಂದು ಕಾಳೂ ಪಾತ್ರೆಗೆ ಬೀಳೋಕೆ ಬಿಟ್ಟಿಲ್ಲ ನಾನು."

ನರ್ಸಮ್ಮ ಡಬ್ಬದೊಳಗೆ ಕೈ ಹಾಕಿ ಕಾಳುಗಳನ್ನು ಬೆರಳ ಸಂದಿಯಿಂದ ಜಾರಲು ಬಿಟ್ಟಳು. ಆಮೇಲೆ ಅಲ್ಲೇ ಇದ್ದ ಮಣೆಯ ಮೇಲೆ ಕುಳಿತಳು.

"ಅಜ್ಜಿ, ಎಲ್ಲಾನೂ ಆರಿಸಿದ್ದೀರಾ?"

"ಎಲ್ಲಾನೂ. ಇದು ತೋರಿಸೋಕೆ ಅಂತ ಎತ್ತಿಟ್ಟಿದ್ದು. ಮಿಕ್ಕಿದ್ದು ಕಾವಲುಗಾರನ ಕೋಳಿಗೆ ಹಾಕಿದೆ."

"ಅಜ್ಜಿ, ನಾವು ಆ ಕಾಳಿಗೋಸ್ಕರಾನೇ ಈ ಅಕ್ಕಿ ತರಿಸ್ತಿರೋದು."

ಹೇಗೆ ಹೇಳಿದರೆ ಕಡಿಮೆ ನೋಯುತ್ತದೆಂದು ಯೋಚಿಸುತ್ತ ಅವಳು ನಿಧಾನವಾಗಿ ವಿವರಿಸಿದಳು. ಅದು ಪ್ಲಾಸ್ಟಿಕ್ಕಲ್ಲ, ಅಕ್ಕಿಯ ಹಿಟ್ಟೇ. ಆ ಹಿಟ್ಟಿಗೆ ಕಬ್ಬಿಣದ ಅಂಶ, ರಕ್ತ ಹೆಚ್ಚಿಸುವ ಜೀವಸತ್ವ ಎಲ್ಲ ಕಲಸಿ, ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿಯ ಆಕಾರಕ್ಕೇ ತರುತ್ತಾರೆ. ಒಂದು ಹಿಡಿ ಅಕ್ಕಿಯಲ್ಲಿ ಕೆಲವೇ ಕಾಳು ಬೆರೆಸಿರುತ್ತಾರೆ, ತಿನ್ನುವ ಮಗುವಿಗೆ ಗೊತ್ತೇ ಆಗಬಾರದು ಅಂತ. ಚಿಕ್ಕ ಮಕ್ಕಳು ತಿನ್ನುವುದೇ ನಾಲ್ಕು ತುತ್ತು. ಆ ನಾಲ್ಕು ತುತ್ತಿನಲ್ಲೇ ಬೇಕಾದದ್ದೆಲ್ಲ ಹೋಗಲಿ ಎಂದು ಮಾಡಿದ ಉಪಾಯ.

ಅತ್ತೆ ನಿಂತೇ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಮತ್ತೆ ಗಂಜಿ?"

ನರ್ಸಮ್ಮ ನನ್ನ ಮುಖ ನೋಡಿದಳು. "ಗಂಜಿ ಬಸಿದ್ರೂ ಸ್ವಲ್ಪ ಹೊರಟುಹೋಗುತ್ತೆ ಅಜ್ಜಿ. ತುಂಬಾ ಸಲ ತೊಳೆದ್ರೂ ಅಷ್ಟೇ."

ಅತ್ತೆ ಡಬ್ಬದ ಮುಚ್ಚಳ ಹಾಕಿದರು. ಮುಚ್ಚಳ ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದರು. ಜೀವಮಾನವಿಡೀ ಯಾವುದನ್ನು ಅಚ್ಚುಕಟ್ಟು ಎಂದುಕೊಂಡಿದ್ದರೋ ಅದೆಲ್ಲ ಒಂದೇ ಮಧ್ಯಾಹ್ನ ತಲೆಕೆಳಗಾಗಿತ್ತು. ಹೊರಗೆ ಸುದ್ದಿ ತಿಳಿದ ಕಾವಲುಗಾರ, ಅದಕ್ಕೇ ನಮ್ಮ ಹುಂಜ ಇತ್ತೀಚೆಗೆ ಗೇಟಿನ ಮೇಲೆ ಹತ್ತಿ ಮ್ಯಾನೇಜರನ್ನೇ ಹೆದರಿಸ್ತಿದೆ ಎಂದು ಯಾರ ಹತ್ತಿರವೋ ಹೇಳುತ್ತಿದ್ದ. ಬೇರೆ ದಿನವಾಗಿದ್ದರೆ ಮೊದಲು ನಗುತ್ತಿದ್ದವರು ಅತ್ತೆಯೇ.

ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಮಗು ಗೋಡೆ ಕೆರೆದು ತಿನ್ನುತ್ತಿದ್ದಾಗ ಅಡುಗೆಮನೆಯಲ್ಲಿ ಅದರ ಪಾಲಿನದನ್ನು ಹೆಕ್ಕಿ ಹೆಕ್ಕಿ ಕೋಳಿಗೆ ಹಾಕುತ್ತಿದ್ದರಲ್ಲ ಎಂದು ದಾರಿಯುದ್ದಕ್ಕೂ ಒಳಗೊಳಗೇ ಕುದಿದೆ. ಮನೆಗೆ ಬಂದು ನೋಡಿದರೆ ಅತ್ತೆ ಬಾಗಿಲ ಬಳಿ ಬೆಳಕಿಗೆ ಕುಳಿತು ಜೀರಿಗೆಯನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದರು. ನರ್ಸಮ್ಮ ಮಾಡುವ ಹಾಗೆಯೇ ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಲ್ಲಿ ಎಳೆದು ನೋಡುತ್ತಿದ್ದರು. ಬಿಳಿಚಿಕೊಂಡ ಆ ರೆಪ್ಪೆಯನ್ನು ಇಷ್ಟು ದಿನ ಕಲ್ಲು ಹುಡುಕುವ ಆ ಕಣ್ಣು ನೋಡಿರಲಿಲ್ಲ.

"ಹೊರಗಿನೋರು ಯಾರಾದ್ರೂ ಮಾಡಿದ್ರೆ ಬೈದು ಸಮಾಧಾನ ಮಾಡ್ಕೋತಿದ್ದೆ" ಎಂದರು. "ನನ್ನ ಕೈಯೇ ಮಾಡ್ತಲ್ಲ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು ಎಂದರೆ ಪೂರ್ತಿ ನಿಜವಲ್ಲ, ಆದರೆ ಆಡಬೇಕೆಂದುಕೊಂಡಿದ್ದ ಮಾತು ಬಿಟ್ಟು ಒಲೆ ಹಚ್ಚಲು ಹೋದೆ. ಗ್ಯಾರೇಜಿನಿಂದ ಬಂದ ನಮ್ಮವರು ವಿಷಯವೆಲ್ಲ ಕೇಳಿ, ಕೈಗೆ ಹತ್ತಿದ ಎಣ್ಣೆಮಸಿ ಒರೆಸಿಕೊಳ್ಳುತ್ತ, "ಅಮ್ಮಾ, ನೀನು ಸ್ವಲ್ಪ ಸೋಮಾರಿಯಾಗಿದ್ದಿದ್ರೆ ಅವಳಿಗೆ ಅರ್ಧವಾದ್ರೂ ಸಿಗ್ತಿತ್ತು" ಎಂದರು. ಅತ್ತೆ ಮಗನನ್ನೇ ದಿಟ್ಟಿಸಿ ನೋಡಿ, ಆಮೇಲೆ ಹೆಗಲು ಕುಲುಕುವಂತೆ ನಕ್ಕರು. ನಗುನಗುತ್ತಲೇ ಕಣ್ಣೊರೆಸಿಕೊಂಡರು. ಮನೆಯ ಗಾಳಿ ಹಗುರಾಯಿತು.

ಹಾಗೆಂದು ಅವರು ನರ್ಸಮ್ಮನ ಮಾತನ್ನು ಕಣ್ಣು ಮುಚ್ಚಿ ನಂಬಿದರೆಂದಲ್ಲ. ಕಣ್ಣು ಮುಚ್ಚಿ ಏನನ್ನೂ ಮಾಡುವವರಲ್ಲ ಅವರು. ಮರುದಿನ ಕಾರ್ಖಾನೆಗೆ ರಜೆ. ಡಬ್ಬವನ್ನು ಅತ್ತೆ ಮನೆಗೇ ತಂದಿದ್ದರು. ಡಬ್ಬದ ಕಾಳುಗಳನ್ನೆಲ್ಲ ಒಟ್ಟಿಗೇ ಮಕ್ಕಳ ಅನ್ನಕ್ಕೆ ಸುರಿದು ತಪ್ಪಿದ್ದನ್ನು ತುಂಬಿಕೊಡುವ ಯೋಚನೆ ಅವರಿಗೆ ಮೊದಲು ಬಂದಿತ್ತಂತೆ. ಹಿಂದಿನ ದಿನವೇ ನರ್ಸಮ್ಮನನ್ನು ಕೇಳಿದಾಗ ಅವಳು ಗಾಬರಿಬಿದ್ದು, ಹಾಗೆ ಮಾಡಲೇಬೇಡಿ, ಅಳತೆಯಲ್ಲಿದ್ದರೆ ಒಳ್ಳೆಯದು, ಅತಿಯಾದರೆ ಮಕ್ಕಳ ಹೊಟ್ಟೆ ಕೆಡುತ್ತದೆ ಎಂದು ತಡೆದಿದ್ದಳು. ಅದಕ್ಕೇ ಅತ್ತೆ ಒಂದು ಚಿಕ್ಕ ಚಮಚದಷ್ಟನ್ನು ಮಾತ್ರ ತೆಗೆದುಕೊಂಡರು. ಕೆಲವು ಕಾಳುಗಳನ್ನು ನೀರಲ್ಲಿ ನೆನೆಸಿ ಬೆರಳಲ್ಲಿ ಹಿಸುಕಿದರು. ಹಿಟ್ಟಾಯಿತು. ಕೆಲವನ್ನು ಹಲ್ಲಿನಲ್ಲಿ ಕಡಿದರು. ಉಳಿದದ್ದನ್ನು ಪುಟ್ಟ ಪಾತ್ರೆಯಲ್ಲಿ ಬೇಯಿಸಿ, ಉಪ್ಪೂ ಹಾಕದೆ, ಬೇರೇನನ್ನೂ ಬೆರೆಸದೆ ನಿಧಾನವಾಗಿ ಅಗಿದು ತಿಂದರು. ನಾವು ಗಂಡಹೆಂಡತಿ ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಎದುರಿಗೆ ನಿಂತಿದ್ದೆವು.

"ಅಕ್ಕಿನೇ ಇದು" ಎಂದರು ಕೊನೆಗೆ. "ಅಕ್ಕಿಯನ್ನೇ ಪುಡಿ ಮಾಡಿ ಮತ್ತೆ ಅಕ್ಕಿ ಮಾಡಿದ್ದಾರೆ. ಬುದ್ಧಿವಂತರು."

ತಲೆ ಒಪ್ಪಿಕೊಂಡಿತು, ಕೈ ಮಾತ್ರ ಒಪ್ಪಲಿಲ್ಲ. ಮಾರನೆಯ ಬೆಳಿಗ್ಗೆ ಮೊರದ ಮುಂದೆ ಕೂತರೆ ಬೆರಳುಗಳು ತಾವಾಗಿಯೇ ಹೋಗಿ ಮಾಸಲು ಕಾಳನ್ನು ಹೆಕ್ಕುತ್ತಿದ್ದವು. ಹೆಕ್ಕಿದ ಮೇಲೆ ನೆನಪಾಗಿ ವಾಪಸು ಹಾಕಬೇಕು. ಹಾಕಿ ಮುಗಿಸುವಷ್ಟರಲ್ಲಿ ಇನ್ನೊಂದು ಬೆರಳ ನಡುವೆ ಬಂದಿರುತ್ತಿತ್ತು. ನನಗೆ ಪಾತ್ರೆ ತೊಳೆಯುವ ಕೆಲಸ ಕೊಡಿ, ಇದು ಬೇಡ ಎಂದು ಟೀಚರನ್ನು ಬೇಡಿದರು. ಹುಳ, ಕಸಕಡ್ಡಿ ನೋಡಲು ಒಬ್ಬರು ಬೇಕಲ್ಲ, ನಿಮ್ಮನ್ನು ಬಿಟ್ಟು ಯಾರನ್ನು ಕೂರಿಸಲಿ ಎಂದು ಅವರು ಒಪ್ಪಲಿಲ್ಲ. ಕೊನೆಗೆ ಅತ್ತೆ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು, ಅದರ ಮೇಲೇ ಕೂತು, ಎಡಗೈಯಲ್ಲಿ ಆರಿಸತೊಡಗಿದರು. ಎಡಗೈ ನಿಧಾನ, ಯೋಚಿಸಿಯೇ ಕೆಲಸ ಮಾಡುತ್ತಿತ್ತು. ಚಾಪೆಯ ಸುತ್ತ ಕೂತ ಮಕ್ಕಳಿಗೆ ಇದು ಹೊಸ ಆಟವಾಗಿ ಕಂಡು, ಅವೂ ಒಂದೊಂದು ಕೈಯ ಮೇಲೆ ಕೂತುಬಿಟ್ಟವು. ಆ ಸಾಲನ್ನು ನೋಡಿದ ಟೀಚರು ನಗುತ್ತ ನಗುತ್ತ ಗೋಡೆ ಹಿಡಿದುಕೊಂಡರು.

ಕೈಯನ್ನು ಬಗ್ಗಿಸಿದ್ದಾಯಿತು. ಬೀದಿಯನ್ನು ಬಗ್ಗಿಸುವುದು ಕಷ್ಟವಾಯಿತು. ಅತ್ತೆಯ ಶಿಷ್ಯೆಯರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಕಾಳು ಹೆಕ್ಕುತ್ತಲೇ ಇದ್ದರು. ಪ್ಲಾಸ್ಟಿಕ್ ಅಕ್ಕಿಯ ಮಾತು ಕಾರ್ಖಾನೆಯ ಒಳಗೂ ಹಬ್ಬಿ, ಶಿಶುಮನೆಯಲ್ಲಿ ಮಗುವಿಗೆ ಅನ್ನ ಕೊಡಬೇಡಿ ಎನ್ನುವವರೂ ಹುಟ್ಟಿಕೊಂಡರು. ಒಂದು ಮಧ್ಯಾಹ್ನ ನರ್ಸಮ್ಮ ತಾಯಂದಿರ ಸಭೆ ಕರೆದಳು. ನಾವೆಲ್ಲ ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಮಡಿಸಿಕೊಂಡು ಕೂತೆವು. ಅವಳು ಚಿತ್ರಗಳನ್ನು ಗೋಡೆಗೆ ಅಂಟಿಸಿ ಚೆನ್ನಾಗಿಯೇ ಹೇಳಿದಳು. ಹೆಂಗಸರು ಮರ್ಯಾದೆಗೆ ತಲೆಯಾಡಿಸಿದರು. ಎಲ್ಲ ಮುಗಿದ ಮೇಲೆ ಇಸ್ತ್ರಿ ವಿಭಾಗದವಳು, ನೇರ ಮಾತಿನವಳು, ಎದ್ದು ನಿಂತಳು.

"ನೀವು ಹೇಳೋದು ಸರಿ ಇರಬಹುದು. ಆದರೆ ಇದು ಪ್ಲಾಸ್ಟಿಕ್ಕು ಅಂತ ದುರ್ಬೀನಜ್ಜಿನೇ ಹೇಳಿದ್ದಾರೆ. ಅವರ ಕಣ್ಣು ತಪ್ಪಲ್ಲ."

ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು. ಅತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಇಷ್ಟು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಹೌದು, ಹೇಳಿದ್ದು ನಾನೇ" ಎಂದರು. "ಕಣ್ಣು ತಪ್ಪಲಿಲ್ಲ. ಅದು ಬೇರೆ ಥರ ಇದೆ ಅಂತ ಕಂಡಿತು, ಅದು ನಿಜ. ಬೇರೆ ಥರ ಇದ್ದದ್ದೆಲ್ಲ ಕೆಟ್ಟದ್ದು ಅಂತ ಸೇರಿಸಿದ್ದು ನನ್ನ ಬಾಯಿ. ಅಲ್ಲಿ ತಪ್ಪಿದೆ."

"ಈಗ ಸರಿ ಅಂತ ಹೇಗೆ ಗೊತ್ತು ಅಜ್ಜಿ?" ಇಸ್ತ್ರಿಯವಳು ಬಿಡಲಿಲ್ಲ.

"ನೆನೆಸಿಟ್ಟಿದ್ದೀನಿ, ಒಳಗೆ ಬಾ. ನನ್ನ ಕಣ್ಣು ನಂಬಬೇಡ, ನಿನ್ನ ಬೆರಳಲ್ಲಿ ಹಿಸುಕಿ ನೋಡು."

ಹೆಂಗಸರು ಒಬ್ಬರ ಹಿಂದೆ ಒಬ್ಬರು ಅಡುಗೆಮನೆಗೆ ನುಗ್ಗಿದರು. ಬಟ್ಟಲಿನ ಸುತ್ತ ತಲೆಗಳೇ ತಲೆಗಳು. ಒಬ್ಬಳು ಹಿಸುಕಿದಳು, ಒಬ್ಬಳು ಮೂಸಿದಳು, ಒಬ್ಬಳು ನಾಲಗೆಗೆ ಹಚ್ಚಿಕೊಂಡಳು. ಹಿಟ್ಟೇ ಕಣೇ ಎಂದು ಯಾರೋ ಹೇಳಿದರು. ಪ್ಲಾಸ್ಟಿಕ್ಕು ಹೀಗೆ ಕರಗುತ್ತಾ ಎಂದು ಇನ್ನಾರೋ. ಆ ಗದ್ದಲ ಸಾಲದೆಂಬಂತೆ ಕಾರ್ಖಾನೆಯ ಗಂಟೆಯೂ ಹೊಡೆದು, ಎಲ್ಲರೂ ಹಿಟ್ಟಿನ ಬೆರಳನ್ನು ಸೆರಗಿಗೋ ದುಪಟ್ಟಾಕ್ಕೋ ಒರೆಸಿಕೊಳ್ಳುತ್ತ ಓಡಿದೆವು. ಅವತ್ತು ನಾನು ಹೊಲಿದ ಮೊದಲ ಕಾಲರಿನ ಮೇಲೆ ಬೆಳ್ಳನೆಯ ಹೆಬ್ಬೆರಳ ಗುರುತು ಬಿದ್ದು ಬೈಗುಳ ತಿಂದೆ.

ಒಂದೇ ಸಭೆಗೆ ಎಲ್ಲರೂ ಬದಲಾಗಿಬಿಟ್ಟರು ಅಂತಲ್ಲ. ಇಸ್ತ್ರಿಯವಳೇ ಆಮೇಲೂ ಎಷ್ಟೋ ದಿನ ಮನೆಯಲ್ಲಿ ಕಾಳು ಹೆಕ್ಕಿದಳು. ಅರ್ಧ ಹೆಕ್ಕುತ್ತೇನೆ, ಅರ್ಧ ಬಿಡುತ್ತೇನೆ, ಯಾವುದಕ್ಕೂ ಇರಲಿ ಎನ್ನುತ್ತಿದ್ದಳು. ಅತ್ತೆ ಅವಳ ಜೊತೆ ವಾದಕ್ಕಿಳಿಯದೆ, ನಲ್ಲಿಯ ಬಳಿ ಸಿಕ್ಕಾಗಲೆಲ್ಲ ಇವತ್ತು ಯಾವ ಅರ್ಧ ಎಂದು ಮಾತ್ರ ಕೇಳುತ್ತಿದ್ದರು. ಕೇಳಿಸಿಕೊಂಡು ಕೇಳಿಸಿಕೊಂಡು ಅವಳಿಗೇ ನಗು ಬಂದು, ಹೆಕ್ಕುವುದನ್ನೇ ಬಿಟ್ಟಳು.

ಇನ್ನು ಜೀರಿಗೆಯ ವಿಷಯ. ಮಂತ್ರ ಹಾಕಿದಂತೆ ಏನೂ ಆಗಲಿಲ್ಲ. ಹುಳದ ಮಾತ್ರೆ ಕೊಡಿಸಿದೆವು, ಸೊಪ್ಪು ಬೇಳೆ ತಪ್ಪದೆ ತಿನ್ನಿಸಿದೆವು, ಶಿಶುಮನೆಯಲ್ಲಿ ಎಲ್ಲ ಮಕ್ಕಳ ಜೊತೆ ಗಂಜಿ ಬಸಿಯದ ಅನ್ನ ಉಣ್ಣುತ್ತಿದ್ದಳು. ಚಳಿಗಾಲ ಬಂತು, ಹೋಯಿತು. ಒಂದು ದಿನ ಅವಳ ಜಾಗದ ಗೋಡೆ ನೋಡಿದರೆ ಸುಣ್ಣ ಕೆರೆದ ಹೊಸ ಗುರುತುಗಳಿರಲಿಲ್ಲ. ಯಾವಾಗ ನಿಲ್ಲಿಸಿದಳೋ ಯಾರಿಗೂ ತಿಳಿದಿರಲಿಲ್ಲ. ಕೆಲವು ವಾರಗಳಾದ ಮೇಲೆ ಸಂಜೆ ಕರೆದುಕೊಂಡು ಹೋಗಲು ಬಂದ ನನ್ನನ್ನು ಟೀಚರು ಪಕ್ಕಕ್ಕೆ ಕರೆದು, ನಿಮ್ಮ ಮಗಳು ಚೆಂಡಿಗಾಗಿ ಇನ್ನೊಂದು ಮಗುವಿನ ತೋಳು ಕಚ್ಚಿದ್ದಾಳೆ, ಹೀಗಾದರೆ ಕಷ್ಟ ಎಂದರು. ನಾನು ಕ್ಷಮೆ ಕೇಳಬೇಕಿತ್ತು. ಕೇಳಿದೆ ಕೂಡ. ಆದರೆ ಮುಖದ ತುಂಬ ನಗು ಬಂದುಬಿಟ್ಟು, ಅದನ್ನು ನೋಡಿದ ಟೀಚರು ಬೈಯುವುದನ್ನು ಮರೆತರು. ಮನೆಗೆ ಬಂದು ಹೇಳಿದರೆ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಅವಳ ಹಲ್ಲುಗಳನ್ನು ಪರೀಕ್ಷಿಸಿದರು. ಕಚ್ಚುವುದು ತಪ್ಪು ಎಂದು ಗದರಿದರು. ಗದರಿದ ದನಿಯಲ್ಲಿ ಯಾರೂ ಹೆದರುವಂಥದ್ದೇನೂ ಇರಲಿಲ್ಲ.

ಮುಂದಿನ ಸಲ ನರ್ಸಮ್ಮ ಬಂದು ಬೆರಳು ಚುಚ್ಚಿದಾಗ ಜೀರಿಗೆ ಅತ್ತು ಒದ್ದು ರಂಪ ಮಾಡಿದಳು. ಹಿಂದೆಲ್ಲ ಸುಮ್ಮನೆ ಕೈ ಚಾಚಿ ಕೂರುತ್ತಿದ್ದವಳು. ಒದೆ ತಿಂದ ಮೊಣಕಾಲು ಉಜ್ಜಿಕೊಳ್ಳುತ್ತ ನರ್ಸಮ್ಮ, ರಕ್ತ ಚೆನ್ನಾಗಿ ಏರಿದೆ, ಇನ್ನು ಚಿಂತೆಯಿಲ್ಲ ಎಂದಳು. ಬೇರೆ ಮಕ್ಕಳಲ್ಲೂ ಹಲವರು ಸುಧಾರಿಸಿದ್ದರು. ಎಲ್ಲ ಆ ಅಕ್ಕಿಯಿಂದಲೇ ಅಲ್ಲವೇ ಎಂದು ನಾನು ಕೇಳಿದೆ. ಅವಳು ಪ್ರಾಮಾಣಿಕಳು, ಅಕ್ಕಿಯೊಂದರಿಂದಲೇ ಎನ್ನಲಾರೆ, ಹುಳದ ಮಾತ್ರೆ, ಸೊಪ್ಪು, ವಯಸ್ಸು ಎಲ್ಲ ಸೇರಿ ಆದದ್ದು ಎಂದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ನಾನು ಅಡ್ಡ ಬರದೇ ಇದ್ದದ್ದನ್ನೂ ಸೇರಿಸ್ಕೊಳ್ಳಿ" ಎಂದರು.

ಈಗಲೂ ಅವರು ಶಿಶುಮನೆಗೆ ಹೋಗುತ್ತಾರೆ. ಗಂಜಿ ಬಸಿಯದ ಅನ್ನ ಅಂಟಂಟಾಗಿರುತ್ತದೆಂಬ ಗೊಣಗಾಟ ಇನ್ನೂ ನಿಂತಿಲ್ಲ. ಮಕ್ಕಳು ತಟ್ಟೆ ಖಾಲಿ ಮಾಡಿದರೂ ಅವರಿಗೆ ಅದು ನೋಡಲು ಚೆಂದವಿಲ್ಲ. ಅಕ್ಕಿಯ ಕೆಲಸ ಬೇಗ ಮುಗಿಯುವುದರಿಂದ ಕೈಗೆ ಬಿಡುವು ಸಿಕ್ಕಿದೆ. ಆ ಹೊತ್ತನ್ನು ಅವರು ಊಟದಲ್ಲಿ ಎಲ್ಲರಿಗಿಂತ ಹಿಂದೆ ಬೀಳುವ ಮಕ್ಕಳಿಗೆ ಕೊಟ್ಟಿದ್ದಾರೆ. ಕೆನ್ನೆಯಲ್ಲಿ ತುತ್ತು ಇಟ್ಟುಕೊಂಡು ನುಂಗದೆ ಕೂರುವ ಒಂದೆರಡು ಮಕ್ಕಳು ಯಾವಾಗಲೂ ಇರುತ್ತವೆ. ಉಳಿದವು ಕೈ ತೊಳೆದು ಮಲಗಿದ ಮೇಲೆ ಅವುಗಳ ಎದುರಿಗೆ ಕೂತು, ಗೋದಾಮಿನ ಮೇಲ್ವಿಚಾರಕನ ಕತೆಯನ್ನು ತುತ್ತಿಗೆ ಒಂದೊಂದು ಮಾತಿನಂತೆ ಹೇಳುತ್ತಾರೆ. ನುಂಗಿದರೆ ಮುಂದಿನ ಮಾತು. ನುಂಗದಿದ್ದರೆ ಅವರೂ ಬಾಯಿ ಮುಚ್ಚಿಕೊಂಡು ಕಾಯುತ್ತಾರೆ.

ನಿನ್ನೆ ಸಂಜೆ ನಾನು ಹೋದಾಗ ಜೀರಿಗೆ ಮನೆಗೆ ಬರಲು ಒಪ್ಪಲಿಲ್ಲ. ಆಟ ಮುಗಿದಿಲ್ಲ ಎಂದು ಅಂಗಳದ ಆ ತುದಿಗೆ ಓಡಿದಳು. ಅತ್ತೆ ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಹೋಗಿ, ಅರ್ಧ ದಾರಿಯಲ್ಲಿ ಸೋತು, ಜಗಲಿಯ ಅಂಚಿನಲ್ಲಿ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಹೊರಡಲು ಇಬ್ಬರಿಗೂ 
ಅಂಥ ಅವಸರವೇನೂ ಇರಲಿಲ್ಲ.